ಸ್ಥಳ ಪರಿಶೀಲನೆ

ವಿಷಯ ನಂಬರು ಏಳು. ಆರನೆಯದು ಬೀದಿನಾಯಿ,
ಅದಕ್ಕೇ ಮುಕ್ಕಾಲು ಗಂಟೆ ಹೋಗಿತ್ತು.
ಚಹಾ ಆರಿ ಕೆನೆಗಟ್ಟಿದ ಮೇಲೆ
ಶಾನಭಾಗ ಇಂಜಿನಿಯರರು ನಕ್ಷೆ ಬಿಚ್ಚಿದರು,
ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು.
ನಾಲ್ಕೂವರೆ ಎಕರೆ ಗಜನಿ ಮೇಜಿನ ಮೇಲೆ
ಎಂಬತ್ತನಾಲ್ಕು ಚೌಕವಾಗಿ ಮಲಗಿತ್ತು.
ಉದ್ಯಾನಕ್ಕೆ ಹಸಿರು ಪೆನ್ಸಿಲ್, ರಸ್ತೆಗೆ ಬೂದಿ,
ಹೊಳೆಗೆ ಮಾತ್ರ ಬಣ್ಣ ಹಚ್ಚಲು ಮರೆತಿದ್ದರು.

ನಾನು ನಡಾವಳಿ ಬರೆಯುವವನು.
ಮಾತು ಎಷ್ಟೇ ಎದ್ದರೂ ಪುಸ್ತಕಕ್ಕೆ ಇಳಿಯುವುದು
'ಚರ್ಚಿಸಲಾಯಿತು' ಎಂಬ ಒಂದೇ ಶಬ್ದ.
ಹಾಗಾಗಿ ಉಳಿದದ್ದು ಇಲ್ಲಿ.

ಜಟ್ಟಿ ಅಂಬಿಗರು ಕೇಳಿದರು, "ಅಮಾಸೆ ಭರತಿಗೆ
ಬಂದ ನೀರು ಎಲ್ಲಿ ಕೂಡ್ರೂದು?"
"ಆರು ಅಡಿ ಮಣ್ಣು ತುಂಬ್ತೇವಲ್ಲ."
"ಅದು ನಿಮ್ಮ ಕಾಲಡಿಗಾಯ್ತು. ನಾ ಕೇಳಿದ್ದು ನೀರಿನ ಸುದ್ದಿ."
ಯಾರೋ ನಕ್ಕರು. ಜಟ್ಟಿ ನಗಲಿಲ್ಲ.
ಅವರ ಕೇರಿ ಹೊಳೆಯ ಆಚೆ ದಡ, ಒಂದು ಮೊಳ ತಗ್ಗು.

ಪಾಸ್ಕಲ್ ಲೋಪಿಸ್ ಎದ್ದ. ನನ್ನ ಜೊತೆ ಓದಿದವನು,
ಊರಿನ ಅರ್ಧ ಗೋಡೆಗೆ ಅವನದೇ ಗಾರೆ.
ಅವರು ಅಣ್ಣತಮ್ಮಂದಿರು ಮೂವರು
ಒಂದೇ ಪಡಸಾಲೆಗೆ ಸೀರೆ ಅಡ್ಡಕಟ್ಟಿ ಮಲಗುತ್ತಾರೆ.
"ಗುಡ್ಡ ಅಂದ್ರೆ ಅರಣ್ಯದ್ದು, ದಂಡೆ ಅಂದ್ರೆ ಸಿಆರ್‌ಜೆಡ್,
ರಸ್ತೆಬದಿ ಅಂದ್ರೆ ಹೈವೇಯವರದ್ದು.
ನಾವೇನು ಗಾಳೀಲಿ ಕಟ್ಟೂದಾ?"
ಇದಕ್ಕೂ ಯಾರಲ್ಲೂ ಉತ್ತರ ಇರಲಿಲ್ಲ.
ಮೇಜಿನ ಫ್ಯಾನು ಒಂದೇ ಸಮನೆ
ಇಲ್ಲ, ಇಲ್ಲ ಎಂದು ತಲೆಯಾಡಿಸುತ್ತಿತ್ತು.

ಅಧ್ಯಕ್ಷೆ ವನಿತಾ ಹರಿಕಾಂತ ಬೆರಳು ಮಡಚುತ್ತಿದ್ದರು:
ಬೀದಿದೀಪದ ಹೆಸ್ಕಾಂ ಬಾಕಿ, ವಾಟರ್‌ಮನ್ನಿನ
ಏಳು ತಿಂಗಳ ಸಂಬಳ, ಅಂಗನವಾಡಿಯ ಹಂಚು.
ಅಭಿವೃದ್ಧಿ ಶುಲ್ಕ ಬಂದರೆ ಎಲ್ಲ ತೀರಿ
ಇನ್ನೂ ಇಷ್ಟು ಉಳಿಯುತ್ತಿತ್ತು.

ಕಡೆಯ ಕುರ್ಚಿಯಿಂದ ಹನ್ಮಿ ಗೌಡ:
"ಉತಾರದಾಗೆ ಬೀಳು ಅಂತ ಬರದೀರಿ.
ಕಟ್ಟು ಒಡದ ವರ್ಸ ಬರದೀರಾ?
ಜಂತ್ರಡಿ ಹಲಗೆಗೆ ಐದ್ ಅರ್ಜಿ ಕೊಟ್ಟದ್ದು?"
ಐದೂ ನನ್ನ ಕಪಾಟಿನಲ್ಲೇ ಇವೆ,
ಎರಡನೆಯ ಖಣ. ಗೆದ್ದಲು ಇನ್ನೂ ಮುಟ್ಟಿಲ್ಲ.
ಒಂಬತ್ತು ವರ್ಷದಿಂದ ಅವರು ಅಂಗಳದ ಮೂಲೆಯಲ್ಲಿ
ಒಡಕು ಬಾನಿಗೆ ಹೊಳೆಯ ಉಪ್ಪುನೀರು ಹೊಯ್ದು
ಎರಡು ಹಿಡಿ ಕಗ್ಗ ಬೆಳೆಯುತ್ತಾರಂತೆ.
ಎಂತಕೆ ಅಂದರೆ, "ಬೀಜ ಉಪ್ಪು ಮರೀಬಾರ್ದು."

ಸ್ಥಳ ನೋಡಿ ಬರುವುದೆಂದು ಠರಾವಾಯಿತು.
ದಿನ ಗೊತ್ತು ಮಾಡಿದ್ದು ಜಟ್ಟಿ;
ಕ್ಯಾಲೆಂಡರ್ ನೋಡದೆ ಎಲ್ಲರೂ ಹೂಂ ಅಂದಿದ್ದೆವು.
ಒಂಬತ್ತು ಜನ, ಒಂದು ಟೇಪು, ಎರಡು ಛತ್ರಿ,
ಅಮಾವಾಸ್ಯೆಯ ಮಾರನೆ ದಿನ, ನಡು ಮಧ್ಯಾಹ್ನ.

ಸುಣ್ಣ ಬಳಿದ ಗಡಿಕಲ್ಲುಗಳು
ಕುತ್ತಿಗೆಮಟ್ಟ ನೀರಿನಲ್ಲಿ ಸಾಲಾಗಿ ನಿಂತಿದ್ದವು,
ಒಂದರ ತಲೆಯ ಮೇಲೆ ಬೆಳ್ಳಕ್ಕಿ.
ಇಂಜಿನಿಯರರು ಬೂಟು ಕೈಯಲ್ಲಿ ಹಿಡಿದು
ಕಟ್ಟಿನ ಮೇಲೇ ಉಳಿದರು.
ಏಡಿಯೊಂದು ಹನ್ನೆರಡನೆಯ ಸೈಟಿನಿಂದ ಹದಿಮೂರಕ್ಕೆ
ಯಾರ ಪರವಾನಗಿಯೂ ಇಲ್ಲದೆ ದಾಟಿತು.
"ಆಳ ಬರ್ಕೊಳ್ಳಿ," ಅಂದರು ಅಧ್ಯಕ್ಷೆ. ನಾನೇ ಇಳಿದೆ.

ಮೂವತ್ತೊಂದನೆಯ ಕಲ್ಲನ್ನು ಹುಡುಕಬೇಕಾಗಿರಲಿಲ್ಲ.
ಅದರ ಮೇಲೆ ನನ್ನ ಐವತ್ತು ಸಾವಿರ ಇದೆ.
ಮೂಲೆ ಸೈಟು, ಪೂರ್ವಕ್ಕೆ ಬಾಗಿಲು,
ಹತ್ತೊಂಬತ್ತು ವರ್ಷದ ಬಾಡಿಗೆ ಕೋಣೆಯಲ್ಲಿ
ನಾವಿಬ್ಬರು ಕರೆಂಟು ಬಿಲ್ಲಿನ ಹಿಂದೆ ಬರೆದ ಅಡುಗೆಮನೆ.
ಇದನ್ನು ಯಾವ ಸಭೆಯೂ ಚರ್ಚಿಸಿರಲಿಲ್ಲ.
ಟೇಪು ಬಿಟ್ಟೆ. ನೀರು ಬೆಚ್ಚಗೆ
ಮೊಣಕಾಲು ದಾಟಿ ಇನ್ನೂ ಏರುತ್ತಿತ್ತು.
ಹುಬ್ಬಿಗೆ ಅಂಗೈ ಹಿಡಿದು
ಹನ್ಮಿ ಗೌಡ ನನ್ನನ್ನೇ ನೋಡುತ್ತಿದ್ದರು.
"ಎಷ್ಟು?"
"ಒಂದಡಿ," ಅಂದೆ.
ಬರೆದೆ.

ಮುಂದಿನ ಸಭೆ ಹದಿನೆಂಟಕ್ಕೆ.

ರಾತ್ರಿ ನೆನೆಹಾಕುವ ಮೊದಲು ಹೆಂಡತಿ
ಪ್ಯಾಂಟನ್ನು ಟ್ಯೂಬ್‌ಲೈಟಿಗೆ ಹಿಡಿದಳು.
ಒಣಗಿದ ಉಪ್ಪು ಸುತ್ತಲೂ ಬಿಳಿ ಗೆರೆ ಎಳೆದಿತ್ತು.
ಬುಡದಿಂದ ಗೇಣು ಹಾಕಿದಳು. ಒಂದು, ಎರಡು,
ಮೂರರ ಹತ್ತಿರ ಕೈ ನಿಲ್ಲಿಸಿ
"ಇದು ಎಲ್ಲಿಯ ನೀರು?" ಅಂದಳು.