ಬೋಟು ಕಟ್ಟಿದ ತಿಂಗಳು

ಹಿರಿಯೂರಿನಿಂದ ಹೊರಡುವಾಗ
ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ
ಮಲ್ಪೆಯ ನಾಲ್ಕು ಹೋಟೆಲಿನ ಹೆಸರು ಬರೆದುಕೊಂಡಿದ್ದೆ.
ಮೇಲ್ಗಡೆ ಯಾರದೋ ಎದೆ ನಲವತ್ತೆರಡು, ತೋಳು ಇಪ್ಪತ್ಮೂರು,
ಕೆಳಗಡೆ ಕಾಣೆ, ಅಂಜಲ್, ಬಂಗುಡೆ ಪುಳಿಮುಂಚಿ.
ಹೇಳಿದವರು ಬ್ಯಾಂಕಿನ ಕ್ಯಾಷಿಯರು,
ಉಡುಪಿಯಲ್ಲಿ ಆರು ವರ್ಷ ಇದ್ದು ಬಂದವರು.
ಹೇಳುತ್ತ ಹೇಳುತ್ತ ಪ್ಯಾಂಟಿನ ಸೊಂಟ
ಅರ್ಧ ಇಂಚು ಸಡಿಲ ಇಡಿಸಿಕೊಂಡರು.

ಮದುವೆ ಸೀಜನ್ನು ಮುಗಿದು ಮಿಷನ್ನು ತಣ್ಣಗಾಗಿತ್ತು.
ರೂಮು ಅರ್ಧ ರೇಟಿಗೆ ಸಿಕ್ಕಿತು.
ಯಾಕೆ ಅರ್ಧ ಎಂದು
ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲನೆಯದು ಏಸಿ. ಮೆನುವಿನಲ್ಲಿ ಮೀನಿನ ಫೋಟೋ
ಪ್ಲಾಸ್ಟಿಕ್ಕಿನೊಳಗೆ ಬೆವರದೆ ಮಲಗಿತ್ತು.
ಹುಡುಗ ಟ್ರೇ ತಂದು ತೋರಿಸಿದ, ಫ್ರೆಶ್ ಸಾರ್, ಈಗಷ್ಟೇ ಬಂದದ್ದು.
ಓಬಕ್ಕ ಮಾರಿಕಣಿವೆ ನೀರಿನ ಹೆಣ್ಣು,
ಕಿವಿರು ಎತ್ತಿ ನೋಡದೆ ಗೌರಿ ಮೀನು ಕೊಂಡವಳಲ್ಲ.
ಬೆನ್ನು ಒತ್ತಿದಳು. ಬೆರಳ ಕುಳಿ ಹಾಗೇ ಉಳಿಯಿತು.
"ಇದರ ಕಣ್ಣು ನೀರು ಕಂಡು ವಾರ ಆಗೈತೆ" ಎಂದು
ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.
ನೀರಿನ ಬಾಟಲಿಗೆ ಇಪ್ಪತ್ತು ಕೊಟ್ಟು ಬಂದೆವು.

ಎರಡನೆಯದರ ಬೋರ್ಡು ಮಾತ್ರ ಇತ್ತು,
ಕುರ್ಚಿಗಳು ಒಂದರ ಮೇಲೊಂದು ಟಾರ್ಪಾಲು ಹೊದ್ದಿದ್ದವು,
ಬೀಚಿನುದ್ದಕ್ಕೂ ಬಲೆಯ ಬೇಲಿ, ಕೆಂಪು ಬಾವುಟ.
ಮೂರನೆಯದರಲ್ಲಿ ಗೋಬಿ ಮಂಚೂರಿ.
ನಾಲ್ಕನೆಯದು ಈಗ ಮೊಬೈಲ್ ಅಂಗಡಿ.

ಆಟೋದ ಹೆರಾಲ್ಡ್ ಅಷ್ಟು ಹೊತ್ತು ನಗು ತಡೆದಿದ್ದ.
"ಎಂತ ಮಾರಾಯ್ರೆ, ಜೂನಲ್ಲಿ ಮೀನು ಹುಡುಕಿಕೊಂಡು ಬಂದದ್ದಾ?
ಬೋಟೆಲ್ಲ ದಕ್ಕೆಯಲ್ಲಿ ಉಂಟು ನೋಡಿ.
ಮೊಟ್ಟೆ ಇಡುವ ಟೈಮ್, ಅವಕ್ಕೂ ರಜೆ ಬೇಡವಾ?"
ನೋಡಿದೆವು. ಸಾಲುಸಾಲು ಬೋಟು
ಒಂದಕ್ಕೊಂದು ಭುಜ ತಾಗಿಸಿ,
ಹಬ್ಬ ಕಳೆದರೂ ಯಾರೂ ಒಯ್ಯದ ಅಂಗಿಗಳ ಹಾಗೆ.

ವಾರಿಜಕ್ಕನ ಹೋಟೆಲಿಗೆ ಬೋರ್ಡಿಲ್ಲ.
ಐಸ್ ಪ್ಲಾಂಟಿನ ಹಿಂದೆ, ನಾಲ್ಕು ಬೆಂಚು,
ಒಂದರ ಕಾಲು ಗಿಡ್ಡ.
ಬಾಗಿಲಲ್ಲೇ ಹೇಳಿದಳು:
"ಮೀನಿಲ್ಲ. ಕಡಲು ಸರಿ ಇಲ್ಲ, ನಾಡದೋಣಿಯವರೂ ಹೋಗಲಿಲ್ಲ.
ಹೊರಗಿನ ಐಸಿನದ್ದು ಮಾರ್ಕೆಟಲ್ಲಿ ಉಂಟು,
ನಾನು ತರುವುದಿಲ್ಲ.
ತಿಂದವರು ಬೈಯುವುದು ನನಗೆ, ಮೀನಿಗಲ್ಲ."
ಮತ್ತೆ ನಮ್ಮ ಮುಖ ನೋಡಿ,
"ಕೂತ್ಕೊಳ್ಳಿ. ಗಂಜಿ ಉಂಟು."

ಕುಚ್ಚಲಕ್ಕಿ ಗಂಜಿ, ಕೆಂಪಗೆ, ಹಬೆಯಾಡುತ್ತ.
ಹುರಿದ ಒಣಸಿಗಡಿ, ತರಿತರಿ ಕಾಯಿ, ಹುಣಿಸೆ, ಸುಟ್ಟ ಮೆಣಸು,
ಕೈಯಲ್ಲೇ ಹಿಸುಕಿದ ಚಟ್ನಿ.
ಮೊದಲ ತುತ್ತಿಗೆ ಮೂಗು ಮುರಿದ ಓಬಕ್ಕ
ಸ್ವಲ್ಪ ಹೊತ್ತಿಗೆ ನನ್ನ ತಟ್ಟೆಯ ಚಟ್ನಿಗೂ ಕೈ ಹಾಕಿದ್ದಳು.

ಜಗಲಿಯಲ್ಲಿ ವಾರಿಜಕ್ಕನ ಗಂಡ ಬಲೆ ಹೆಣೆಯುತ್ತಿದ್ದ,
ಕಾಲ ಹೆಬ್ಬೆರಳಿಗೆ ನೈಲಾನು ಸಿಕ್ಕಿಸಿ.
ಸೂಜಿ ಕಂಡ ಮೇಲೆ ನನಗೆ ಸುಮ್ಮನಿರಲಾಗದು.
ಕೈ ತೊಳೆದು ಪಕ್ಕದಲ್ಲಿ ಕೂತೆ. ಕೊಟ್ಟ.
ಗಂಟು ಹಾಕಿದೆ. ಬಿಚ್ಚಿದ.
"ಬಿಗಿ ಹೆಚ್ಚಾಯ್ತು. ಮರಿ ದಾಟಬೇಕು."
ಮೂವತ್ತು ವರ್ಷ ತೂತು ಮುಚ್ಚಿ ಬದುಕಿದವನು ನಾನು.
ಈತ ತೂತನ್ನೇ ಅಳೆದು ಹೊಲಿಯುತ್ತಾನೆ.
ಸಂಜೆತನಕ ಹನ್ನೊಂದು ಕಣ್ಣು ಹಾಕಿದೆ.
ಎಂಟು ಬಿಚ್ಚಿದ.

ಬೆಳಿಗ್ಗೆ ಬಸ್ಸು.
ಕಾಲಡಿಯ ಚೀಲದಲ್ಲಿ ಅರ್ಧ ಕೇಜಿ ಒಣಸಿಗಡಿ.
ಮೂರು ಕವರು ಹಾಕಿ ಮೇಲೊಂದು ಟವೆಲು ಸುತ್ತಿದರೂ
ಹೆಬ್ರಿ ದಾಟುವಷ್ಟರಲ್ಲಿ ಬಸ್ಸಿಗೆಲ್ಲ ಗೊತ್ತಾಯಿತು.
ಕಂಡಕ್ಟರು ಸೀಟು ಸೀಟಿಗೂ ಮೂಗು ಬಗ್ಗಿಸುತ್ತ ಬಂದ.
ಓಬಕ್ಕ ಏನೂ ಅರಿಯದವಳಂತೆ ಕಿಟಕಿಯಾಚೆ.
"ಮೀನು ತಿನ್ನದೇ ಬಂದ್ವಿ ಅಂತ ಊರಲ್ಲಿ ಬಾಯಿ ಬಿಡಬ್ಯಾಡ"
ಎಂದು ಆಗಲೇ ಎರಡು ಸಲ ಹೇಳಿಯಾಗಿದೆ.

ಕ್ಯಾಷಿಯರಿಗೆ ಏನು ಹೇಳಲಿ?
ಪುಸ್ತಕ ತೆಗೆದೆ. ಅಂಜಲಿನ ಮೇಲೆ ಗೀಟು ಎಳೆಯಲು ಹೋಗಿ
ಬಿಟ್ಟೆ. ಪಕ್ಕದಲ್ಲಿ ಆಗಸ್ಟ್ ಎಂದು ಬರೆಯುವಾಗ
ಘಾಟಿಯ ತಿರುವಿಗೆ ಪೆನ್ನು ಮೇಲಕ್ಕೆ ಜಾರಿ
ಯಾರದೋ ತೋಳು
ಇಪ್ಪತ್ಮೂರು ಇದ್ದದ್ದು ಇಪ್ಪತ್ತೆಂಟಾಯಿತು.