ಎಷ್ಟು ಸೆಂಟ್?

ಕೊನೆಯ ಮೂಟೆ ಲಾರಿ ಹತ್ತಿದ ಮಾರನೆಯ ದಿನ
ಬೊಳ್ಳು ಸೀಮೆಸುಣ್ಣ ಹಿಡಿದು ಕಣಕ್ಕಿಳಿದಳು.
ನಿನ್ನೆವರೆಗೆ ಕಾಫಿ ಒಣಗಿದ ಸಿಮೆಂಟಿನ ಮೇಲೆ
ದಪ್ಪಕ್ಷರದಲ್ಲಿ ಮೂರು ಮಾತು ಬರೆದಳು:
ಇಡುವುದು. ಕೊಡುವುದು. ಸುಡುವುದು.

ಬಂದು ಹನ್ನೊಂದು ತಿಂಗಳಾದ ಸೊಸೆ.
ಪ್ರಾಸ ಚೆನ್ನಾಗಿದೆ ಅಂದೆ. ನಕ್ಕಳು.
ತಲೆಗೆ ನನ್ನದೇ ಹಳೇ ವಸ್ತ್ರ ಕಟ್ಟಿ ಅಟ್ಟ ಹತ್ತಿದಳು.

ಒಂದೊಂದಾಗಿ ಇಳಿದವು
ಮುಚ್ಚಳವಿಲ್ಲದ ಏಳು ಡಬ್ಬಿ, ಡಬ್ಬಿಯಿಲ್ಲದ ಒಂಬತ್ತು ಮುಚ್ಚಳ,
ಎಡಗಾಲಿನವೇ ಮೂರು ಗಂಬೂಟು
(ಬಲಗಾಲಿನವನ್ನು ಯಾವ ಜಿಗಣೆ ಹೊತ್ತೊಯ್ಯಿತೋ),
ಪಲ್ಪರಿನ ಹಲ್ಲುಚಕ್ರ, ಕೈಮುರಿದ ನೂಪುಟ್ಟಿನ ಒರಳು,
ಬಿಸಿಲು ಕಾಣದ ಹಾಸಿಗೆ, ದಿಂಬು,
ಕಾಚಂಪುಳಿಯ ಒಂದು ಬಾಟಲಿ. ಒಳಗಿನ ಕಪ್ಪು
ತಲೆಕೆಳಗು ಮಾಡಿದರೂ ಅಲುಗಲಿಲ್ಲ.
ಇದು? ಅಂದಳು.
ಇಡು ಅಂದೆ. ಹಳತಾದಷ್ಟೂ ಹಂದಿಗೆ ಒಳ್ಳೆಯದು.

ನಮ್ಮವರು ಹಲ್ಲುಚಕ್ರವನ್ನು
ಮೂರನೆಯ ಗುಡ್ಡೆಯಿಂದ ಮೆಲ್ಲಗೆ ಎತ್ತಿ
ಪಂಚೆಯಡಿ ಬಚ್ಚಿಟ್ಟುಕೊಂಡು ಕೊಟ್ಟಿಗೆಯತ್ತ ಹೊರಟರು.
ಕಬ್ಬಿಣ ಸುಡುತ್ತದಾ ಮಾರಾಯ್ತಿ, ಅಂತ ನ್ಯಾಯ ಬೇರೆ.

ಹಾಕಿ ಸ್ಟಿಕ್ಕು ಕೊನೆಗೆ ಬಂತು.
ಹಿಡಿಯ ಪಟ್ಟಿ ಮುಟ್ಟಿದಲ್ಲೇ ಪುಡಿ.
ಬೊಳ್ಳು ತಿರುಗಿಸಿ ಕೂಡ ನೋಡದೆ ಎಸೆದಳು, ಸುಡುವುದಕ್ಕೆ.
ನಾನು ಏನೂ ಅನ್ನಲಿಲ್ಲ.
ಹತ್ತನೆಯ ಕ್ಲಾಸು, ವಿರಾಜಪೇಟೆಯ ಮೈದಾನ,
ರೈಟ್ ಔಟಿನಲ್ಲಿ ನಾನು ಓಡಿದ್ದು, ಒಬ್ಬಳೇ,
ಗೋಲಿಗೆ ಮೂರಡಿ ಇರುವಾಗ ಚೆಂಡನ್ನು
ಕಂಬದ ಆಚೆಗೆ ಹೊಡೆದದ್ದು,
ಇದನ್ನೆಲ್ಲ ಹೇಳುತ್ತ ಕೂತರೆ ಕಣ ಎಂದಿಗೆ ಖಾಲಿಯಾದೀತು?
ಸೋತ ಆಟದ ಕೋಲನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.
ಇಟ್ಟುಕೊಂಡಿದ್ದೆ.

ಮೂರು ಗಂಟೆಗೆ ನಾಪೋಕ್ಲಿನ ಉಮ್ಮರ್
ಗುಜರಿ ಆಟೋ ತರುತ್ತೇನೆ ಅಂದಿದ್ದ, ತರಲಿಲ್ಲ.
ಇಗ್ಗುತ್ತಪ್ಪನ ಬೆಟ್ಟದ ಕಡೆ ಕಪ್ಪಾಯಿತು.

ಇದೇ ಮಳೆಗೆ ಹದಿನೆಂಟು ದಿನದಿಂದ
ಕತ್ತೆತ್ತಿ ಕತ್ತೆತ್ತಿ ನೋವು ಬರಿಸಿಕೊಂಡವರು ನಾವು.
ಗಿಣ್ಣು ಗಿಣ್ಣಿಗೆ ಮೊಗ್ಗು ಕಟ್ಟಿ ನಿಂತಿತ್ತು,
ಇನ್ನೊಂದು ವಾರ ತಡೆದಿದ್ದರೆ ಕರಟುತ್ತಿತ್ತು.
ಈಗ ಹಾಸಿಗೆ ನೆನೆಯಿತೆಂದು ಯಾವ ಬಾಯಲ್ಲಿ ಬೈಯಲಿ?
ಬೊಳ್ಳು ದಿಂಬು ಅವಚಿಕೊಂಡು ಓಡಿದಳು, ನಿಂತಳು,
ನನ್ನ ಮುಖ ನೋಡಿದಳು.
ನಾನು ಕದಲಲಿಲ್ಲ. ನಮ್ಮವರು ಓಡಿದರು,
ಹಾಸಿಗೆಯ ಕಡೆಗಲ್ಲ, ಮಳೆಮಾಪಕ ನೆಟ್ಟಗಿದೆಯೇ ನೋಡಲು.

ಕಾದ ಸಿಮೆಂಟು ಹಬೆಯಾಡಿತು.
ಕಣದ ಇಳಿಜಾರಿಗೆ ಎಡದಿಂದ ನುಗ್ಗಿದ ನೀರು
ಮೊದಲು ಸು ತೆಗೆಯಿತು, ಆಮೇಲೆ ಕೊ, ಆಮೇಲೆ ಇ.
ಒಂದು ಗಳಿಗೆ ಮೂರು ಗುಡ್ಡೆಯ ಮುಂದೂ ಅದೇ ಬರಹ:
ಡುವುದು, ಡುವುದು, ಡುವುದು.
ಗಟ್ಟಿಯಾಗಿ ಓದಿದಳು ಬೊಳ್ಳು. ಓದಿ, ದಿಂಬಿನೊಳಗೆ
ಮುಖವಿಟ್ಟು ನಗತೊಡಗಿದಳು.
ಮುಚ್ಚಳಗಳೆಲ್ಲ ಅಂಗಾತ ಬಿದ್ದು ನೀರು ಕುಡಿದವು.

ನಿಲ್ಲುವ ಮೊದಲೇ ಫೋನು. ಚೇರಂಬಾಣೆಯ ನಾದಿನಿ.
ನಿಮ್ಮಲ್ಲಿ ಎಷ್ಟು ಸೆಂಟ್?
ತೊಂಬತ್ತೆರಡು.
ನಮಗೆ ಬರೀ ಮೂವತ್ತು ಅಂದು ಇಟ್ಟುಬಿಟ್ಟಳು.
ರಾತ್ರಿಯವರೆಗೆ ಏಳು ಜನ ಕೇಳಿದರು, ಸೆಂಟನ್ನೇ ಕೇಳಿದರು.
ಮಲಗಲು ಹಾಸಿಗೆಯಿಲ್ಲದ್ದು ಯಾರಿಗೆ ಹೇಳುವುದು?
ಚಾಪೆ ಹಾಸಿದೆವು, ಖಾಲಿ ಕೋಣೆಯಲ್ಲಿ
ನಮ್ಮವರ ಗೊರಕೆ ಎರಡೆರಡು ಸಲ ಕೇಳಿಸಿತು.

ಒದ್ದೆಯಾದದ್ದು ಯಾವುದೂ ಸುಡಲಿಲ್ಲ.

ಒಂಬತ್ತನೆಯ ದಿನ ತೋಟ ಬೆಳ್ಳಗೆ ಅರಳಿತು.
ಉಮ್ಮರ್ ಬಂದ, ಗೇಟಿನಲ್ಲೇ ನಿಂತು ಮೂಗರಳಿಸಿದ,
ಆಮೇಲೆ ತಕ್ಕಡಿ ತೆಗೆದ. ಹದಿನಾಲ್ಕು ಕಿಲೋ,
ಗಂಬೂಟು ಬಿಟ್ಟು.
ಕಣದಲ್ಲಿ ಹುಡುಕಿದೆ. ಸ್ಟಿಕ್ಕು ಇರಲಿಲ್ಲ.
ಹೋಗಲಿ ಅಂದುಕೊಂಡೆ, ಇನ್ನೊಂದು ಸುತ್ತು ಹುಡುಕಿದೆ.

ಒಳಗೆ, ಭತ್ತದ ಪತ್ತಾಯದ ಮುಂದೆ
ಬೊಳ್ಳು ಬೋರಲು ಬಿದ್ದಿದ್ದಳು.
ಅಡಿಗೆ ಉರುಳಿದ ಹತ್ತನೆಯ ಮುಚ್ಚಳವನ್ನು
ಅದರ ಕೊಕ್ಕೆಯಿಂದ ಎಳೆಯುತ್ತಿದ್ದಳು.
ಇದು ಯಾವ ಡಬ್ಬಿಯದ್ದು ಅತ್ತೆ?
ಗೊತ್ತಿಲ್ಲ. ಹಾಗಲ್ಲ ಹಿಡಿಯುವುದು, ಅಂದೆ.
ಏಳು. ಮೊಣಕಾಲು ಬಗ್ಗಿಸು.
ಎಡಗೈ ಮೇಲೆ.