ಸೆಲೆಂಗೆ ಸೇತುವೆಯ ಈಚೆ

ಬಾ, ಕೂರು. ಮೊದಲು ಆ ಹುಡುಗನಿಗೆ ಚೀಲ ಹಿಡಿ,
ಮುಖ ಸುಣ್ಣದ ಗೋಡೆಯಾಗಿದೆ.
ಉಲಾನ್‌ಬಾತರಿನಿಂದ ಇಲ್ಲಿವರೆಗೂ ಫೋನು ನೋಡುತ್ತ ಬಂದನೇ?
ಒಣಮೊಸರಿನ ಗಟ್ಟಿ ಒಂದು ಬಾಯಿಗಿಡು,
ಹುಳಿ ನಾಲಿಗೆಗೆ ಹತ್ತಿದರೆ ಹೊಟ್ಟೆ ತೆಪ್ಪಗಿರುತ್ತದೆ.
ಅಗಿಯಬೇಡ ಅನ್ನು, ಚೀಪಲಿ. ಹಲ್ಲು ಹೋದೀತು.

ಖಾಲಿಯುನ್ ಅಂದೆಯಲ್ಲ ನಿನ್ನ ಹೆಸರು, ಕೇಳು:
ಈ ಒಲೆಯ ಮುಂದೆ ಹತ್ತೊಂಬತ್ತು ಬೇಸಿಗೆ ನಿಂತಿದ್ದೇನೆ.
ಸರೋವರಕ್ಕೆ ಹೋಗುವವರೆಲ್ಲ ಇಲ್ಲಿ ಇಳಿಯಲೇಬೇಕು,
ಮುಂದಿನ ಪಾಯಿಖಾನೆ ಬರುವವರೆಗೆ
ಮಕ್ಕಳು ತಡೆಯುವುದಿಲ್ಲ.

ಮುಂದಿನ ಸಲಕ್ಕೆ ಹೇಳುತ್ತೇನೆ,
ನಾದಮ್ ಹಬ್ಬದ ಮಾರನೇ ದಿನ ಹೊರಡಬೇಡಿ,
ರಾಜಧಾನಿಗೆ ರಾಜಧಾನಿಯೇ ಉರುಳಿಕೊಂಡು ಬರುತ್ತದೆ.
ಹೊರಟದ್ದೇ ಆದರೆ ನಸುಕಿಗೆ ಮುಂಚೆ,
ಮಕ್ಕಳನ್ನು ಎಬ್ಬಿಸದೆ, ಹೊದಿಕೆ ಸಮೇತ ಎತ್ತಿ ಹಿಂದಿನ ಸೀಟಿಗೆ.
ದರ್ಖಾನ್ ದಾಟುವವರೆಗಿನ ಮೌನ ಪುಕ್ಕಟೆ.

ಸ್ಟೆಪ್ನಿ ಇದೆಯಾ? ಅದರಲ್ಲಿ ಗಾಳಿ ಇದೆಯಾ?
ಎಲ್ಲರೂ ಇದೆ ಅನ್ನುತ್ತಾರೆ. ಗುದ್ದಿ ನೋಡಿದರೆ
ಕಣಕದ ಸದ್ದು.
ಈ ಪ್ರಿಯಸ್ ಪೇಟೆಯ ಬೆಕ್ಕು, ಹೊಟ್ಟೆ ನೆಲಕ್ಕೆ ತಾಗುತ್ತದೆ.
ಡಾಂಬರು ಬಿಟ್ಟ ಕಡೆ ಗಂಡನನ್ನು ಇಳಿಸಿ ನಡೆಸು,
ಕಾರಿಗೂ ಹಗುರ, ನಿನಗೂ.

ಕುರಿಮಂದೆ ಅಡ್ಡ ಬಂದರೆ ಹಾರನ್ ಬೇಡ.
ಕುರಿಗೆ ನಿನ್ನ ಅವಸರ ತಿಳಿಯುವುದಿಲ್ಲ, ಹೆದರಿಕೆ ತಿಳಿಯುತ್ತದೆ.
ಕಲ್ಲುರಾಶಿಗೆ ನೀಲಿ ಬಟ್ಟೆ ಕಟ್ಟಿದ ಓವೂ ಕಂಡಲ್ಲಿ
ಮೂರು ಸಲ ಹೊಡಿ.
ಇಳಿದು ಸುತ್ತಲು ಪುರುಸೊತ್ತಿಲ್ಲದವರಿಗೆ
ಬೆಟ್ಟ ಕೊಟ್ಟ ರಿಯಾಯಿತಿ ಅದು.

ಒಂದು ಮಾತು ಮಾತ್ರ ಕಾರಿನೊಳಗೆ ಆಡಕೂಡದು:
ಎಷ್ಟು ಹೊತ್ತಿಗೆ ಮುಟ್ಟುತ್ತೇವೆ?
ದಾರಿಯ ಕಿವಿಗೆ ಬಿದ್ದರೆ ದಾರಿ ಉದ್ದವಾಗುತ್ತದೆ.
ಹೋದ ವರ್ಷ ಬ್ಯಾಂಕಿನವನೊಬ್ಬ ಇದೇ ಬೆಂಚಿನಲ್ಲಿ ಕೂತು
ಗಡಿಯಾರ ನೋಡಿ, ‘ನಾಲ್ಕೂವರೆಗೆ ನೀರಿನಲ್ಲಿ ಕಾಲು’ ಅಂದ.
ನಾಲ್ಕೂವರೆಗೆ ಅವನ ಕಾಲು ನೀರಿನಲ್ಲೇ ಇತ್ತು,
ಸೇತುವೆಯಾಚೆ ಹಳ್ಳದಲ್ಲಿ, ಕಾರು ತಳ್ಳುತ್ತ.

ಸರೋವರ ಹೇಗಿದೆ ಅಂತ ನನ್ನನ್ನು ಕೇಳುತ್ತೀಯಾ?
ನಾನು ಹೋಗಿಲ್ಲ.
ಬೇಸಿಗೆಯೆಲ್ಲ ಈ ಒಲೆ. ಚಳಿಗಾಲದಲ್ಲಿ ಮಂಡಿನೋವು.
ವಾಪಸು ಬರುವವರ ಮೂಗು ನೋಡಿದ್ದೇನೆ, ಸಿಪ್ಪೆ ಎದ್ದಿರುತ್ತದೆ.
ಹೋಗುವಾಗ ಬೇರೆ ಬೇರೆ ಬೆಂಚು ಹಿಡಿದ ಗಂಡ ಹೆಂಡತಿ
ಬರುವಾಗ ಒಂದೇ ಖೂಶೂರ್ ಹರಿದುಕೊಂಡು ತಿನ್ನುತ್ತಾರೆ,
ಬಿಸಿ ಎಣ್ಣೆ ಮೊಣಕೈವರೆಗೆ ಇಳಿಯುತ್ತದೆ.
ಎಲ್ಲರೂ ಅಲ್ಲ. ಕೆಲವರು ಉಪ್ಪಿಗೂ ಬಾಯಿ ಬಿಡುವುದಿಲ್ಲ.

ನೀರಿನ ಬಣ್ಣ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ಒಬ್ಬ ಮುದುಕಿ ಮಾತ್ರ ‘ತಣ್ಣಗಿದೆ’ ಅಂದಳು.
ನಾನು ನಂಬಿದ್ದು ಅವಳನ್ನು.

ನೋಡು, ಹುಡುಗನ ಮುಖಕ್ಕೆ ರಕ್ತ ಬಂತು.
ಏಳಿ ಇನ್ನು, ಹತ್ತಿ.
ಸೌಟಿನಲ್ಲಿ ಹಾಲು ತಂದು ಚಕ್ರಕ್ಕೆ ಎರಚುತ್ತೇನೆ.
ಗಾಜಿಗೆ ಹಾರಿದರೆ ವೈಪರ್ ಹಾಕಬೇಡ,
ಒಣಗಲಿ.